ತೂತಿಲ್ಲದ ತಳ

ಆ ಗಾಡಿ ಉಳಿಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಏನೋ ಒಳ್ಳೆಯದಾಗುತ್ತದೆ ಎಂದು ಆಸೆ ಹುಟ್ಟಿಸಿ ಕೈಬಿಡುವುದು ನನಗೆ ಸೇರುವುದಿಲ್ಲ. ನಾನು ಕುಮಟೆಯ ಪೇಟೆಯಲ್ಲಿ ಮೀನು ಮಾರುವವಳು. ಹಳಸಿದ್ದನ್ನು ತಾಜಾ ಎಂದು ಕೊಟ್ಟರೆ ಗಿರಾಕಿ ಮಾರನೇ ದಿನ ಬುಟ್ಟಿಯ ಹತ್ತಿರವೂ ಸುಳಿಯುವುದಿಲ್ಲ.

ನಮ್ಮ ಯಜಮಾನರು ತದಡಿ ಬಂದರಿನ ಬೋಟೊಂದರಲ್ಲಿ ತಾಂಡೇಲರಾಗಿದ್ದರು. ಚುಕ್ಕಾಣಿ ಹಿಡಿಯುವುದು, ಬಲೆ ಎಲ್ಲಿ ಬಿಡಬೇಕು, ಯಾವಾಗ ಎಳೆಯಬೇಕು ಎಂದು ಹೇಳುವುದು ತಾಂಡೇಲನ ಕೆಲಸ. ಸಮುದ್ರದ ಮೇಲೆ ಇವರ ಮಾತಿಗೆ ಎದುರಾಡುವವರಿರಲಿಲ್ಲ. ಅದಕ್ಕೆಲ್ಲ ಮನೆಯಲ್ಲಿ ನಾನಿದ್ದೆ. ಒಂದು ಬೆಳಿಗ್ಗೆ ಬಲೆ ಎಳೆಯುವ ವಿಂಚಿಗೆ ಸುತ್ತುತ್ತಿದ್ದ ಹಗ್ಗದಲ್ಲಿ ಇವರ ಬಲಗೈ ಸಿಕ್ಕಿಕೊಂಡಿತು. ನಾಲ್ಕು ಬೆರಳು ಹೋದವು. ಆಸ್ಪತ್ರೆಗೆ ನೋಡಲು ಬಂದವರೆಲ್ಲ ಹೆಬ್ಬೆರಳಾದರೂ ಉಳಿಯಿತಲ್ಲ ಎಂದು ಸಮಾಧಾನ ಹೇಳಿದರು. ಉಳಿದ ಒಂದು ಹೆಬ್ಬೆರಳಿನಿಂದ ಮಾಡುವುದೇನು, ಸಹಿ ಬಾರದವರ ಹಾಗೆ ಕಾಗದಕ್ಕೆ ಒತ್ತುವುದೇ ಎಂದು ನಾನು ಕೇಳಿದೆ. ಯಾರೂ ನಗಲಿಲ್ಲ. ನಾನೂ ನಗಿಸಲಿಕ್ಕೆಂದು ಹೇಳಿದ್ದಲ್ಲ.

ಗಾಯ ಮಾಗಿ ಮನೆಗೆ ಬಂದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಚುಕ್ಕಾಣಿಯನ್ನು ಎಡಗೈಯಲ್ಲೂ ತಿರುಗಿಸಬಹುದಿತ್ತೇನೋ, ಆದರೆ ವಿಂಚಿನ ಸದ್ದು ಕೇಳಿದರೆ ಸಾಕು, ಇವರ ಮೈಯೆಲ್ಲ ಬೆವರುತ್ತಿತ್ತು. ಬಲೆ ಹೆಣೆಯೋಣವೆಂದರೆ ಬೆರಳಿಲ್ಲ. ಸ್ಕೂಟರಿನ ಎಕ್ಸಲೇಟರ್ ತಿರುಚುವುದಕ್ಕೆ ಹಿಡಿತ ಬೇಕು; ಒಮ್ಮೆ ಹಟ ಮಾಡಿ ಹತ್ತಿ ನಮ್ಮ ಅಂಗಳದ ತೆಂಗಿನ ಬುಡಕ್ಕೇ ಗುದ್ದಿದರು. ಆಮೇಲೆ ಜಗಲಿಯ ಕಂಬಕ್ಕೆ ಒರಗಿ ಕೂತರು. ನಾನು ಬುಟ್ಟಿ ಹೊತ್ತು ಬಸ್ಸಿಗೆ ಹೊರಟಾಗಲೂ ಅಲ್ಲೇ, ಖಾಲಿ ಬುಟ್ಟಿ ತಂದಾಗಲೂ ಅಲ್ಲೇ. ಇಡೀ ಬೋಟಿಗೆ ಹುಕುಂ ಮಾಡುತ್ತಿದ್ದ ಮನುಷ್ಯ, ಊಟಕ್ಕೆ ಯಾವ ಮೀನು ಮಾಡಲಿ ಎಂದು ಕೇಳಿದರೆ ಅದಕ್ಕೂ ಉತ್ತರ ಕೊಡುವುದು ಬಿಟ್ಟರು. ಕೈ ಹೋದದ್ದಕ್ಕಿಂತ ನನಗೆ ಅದರ ಭಯ ಹೆಚ್ಚಾಯಿತು.

ನನ್ನ ತವರು ಮಾವಳ್ಳಿ. ಅಲ್ಲಿ ಒಂದು ಮದುವೆಗೆ ಹೋದವರು ಸಂಜೆ ಮುರ್ಡೇಶ್ವರದ ಬೀಚಿಗೆ ಹೋಗಿದ್ದೆವು. ಪ್ರವಾಸಿಗರನ್ನು ಕೂರಿಸಿಕೊಂಡು ದಪ್ಪ ಗಾಲಿಯ ಎಟಿವಿಗಳು ಮರಳ ಮೇಲೆ ಓಡುತ್ತಿದ್ದವು. ನಾಲ್ಕು ಗಾಲಿ, ಮೋಟರ್ ಸೈಕಲ್ಲಿನ ಹಾಗೆ ಸೀಟು ಮತ್ತು ಹ್ಯಾಂಡಲ್. ನನ್ನ ಕಣ್ಣಿಗಂತೂ ಅದು ಏಡಿಯೇ. ಎಲ್ಲರೂ ಗಾಡಿ ನೋಡುತ್ತಿದ್ದರೆ ಇವರು ಓಡಿಸುವವನ ಬಲಗೈಯನ್ನೇ ನೋಡುತ್ತ ನಿಂತುಬಿಟ್ಟರು. ಅದರ ಎಕ್ಸಲೇಟರ್ ತಿರುಚುವಂಥದ್ದಲ್ಲ. ಹ್ಯಾಂಡಲಿನ ಪಕ್ಕದಲ್ಲಿ ಒಂದು ಪುಟ್ಟ ಲಿವರ್. ಹೆಬ್ಬೆರಳಿನಿಂದ ಒತ್ತಿದರೆ ಗಾಡಿ ಮುಂದೆ ಹೋಗುತ್ತದೆ. ಗೇರಿನ ರಗಳೆಯಿಲ್ಲ, ಬ್ರೇಕು ಎಡಗೈಗೆ. ಇವರು ಕೇಳಿಕೊಂಡು ಹತ್ತಿದರು. ಬೆರಳಿಲ್ಲದ ಅಂಗೈಯನ್ನು ಹ್ಯಾಂಡಲಿನ ಮೇಲಿಟ್ಟು ಹೆಬ್ಬೆರಳು ಒತ್ತಿ, ನೀರಿನಂಚಿನವರೆಗೆ ಹೋಗಿ ತಿರುಗಿ ಬಂದರು. ಇಳಿದವರು ನನ್ನ ಮುಖ ನೋಡಿದರು.

"ಹೆಬ್ಬೆಟ್ಟು ಒಂದ್ ಇದ್ರೆ ಸಾಕು ಇದಕ್ಕೆ," ಅಂದರು.

ಎಷ್ಟೋ ತಿಂಗಳ ಮೇಲೆ ಇವರಾಗಿಯೇ ಆಡಿದ ಮೊದಲ ಮಾತು ಅದು. ನನಗೆ ಸಂತೋಷವಾಯಿತು, ಅದರ ಬೆನ್ನಿಗೇ ಹೆದರಿಕೆಯೂ ಆಯಿತು. ಲೋಕದಲ್ಲಿ ಇರುವ ಅಷ್ಟೊಂದು ಗಾಡಿಗಳಲ್ಲಿ ಇವರಿಗೆ ಒದಗುವುದು ಇದೊಂದೇ. ಇದೂ ಹೋದರೆ ಇನ್ನೊಂದಿಲ್ಲ ಎನ್ನುವುದು ನನಗೆ ಆ ಕ್ಷಣವೇ ಹೊಳೆದಿತ್ತು.

ಮಿರ್ಜಾನದ ಕಡೆ ಗುಡ್ಡದ ಬುಡದಲ್ಲಿ ಹೋಮ್‌ಸ್ಟೇ ನಡೆಸುವವರೊಬ್ಬರು ನನ್ನ ಖಾಯಂ ಗಿರಾಕಿ. ಅವರ ಅತಿಥಿಗಳಿಗೆ ಹೊಳೆ, ಗುಡ್ಡ ತೋರಿಸಲು ಊರು ಬಲ್ಲವರು ಬೇಕಾಗಿತ್ತು. ದಾರಿ ಇವರೇ ಹುಡುಕಿದರು. ಹೋಮ್‌ಸ್ಟೇಯಿಂದ ಹೊರಟು, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಒಡ್ಡಿನ ಮೇಲೆ ಹಾದು, ಚಿರೆಕಲ್ಲಿನ ಗುಡ್ಡ ಹತ್ತಿ, ನೆತ್ತಿಯಿಂದ ಅಘನಾಶಿನಿ ಸಮುದ್ರ ಸೇರುವುದನ್ನು ತೋರಿಸಿ ಇಳಿಸುವುದು. ಹಿಂದಿನ ಸೀಟಿನಲ್ಲಿ ಅತಿಥಿ, ಮುಂದೆ ಇವರು. ಬೋಟಿನಲ್ಲಿ ಇವರದೂ ಒಂದು ಪಾಲಿತ್ತು; ಅದನ್ನು ಭಾವನಿಗೇ ಮಾರಿ, ಆ ದುಡ್ಡಿನಲ್ಲಿ ಹುಬ್ಬಳ್ಳಿಯಿಂದ ಹೊಸ ಎಟಿವಿ ತಂದರು. ಭಾವ ಅಂದರೆ ಇವರ ಖಾಸಾ ಅಣ್ಣ, ತದಡಿಯಲ್ಲಿ ಬೋಟು ರಿಪೇರಿ ಮಾಡುವ ವೆಲ್ಡರ್.

ಗುಡ್ಡ ಹತ್ತುವ ಗಾಡಿಯನ್ನು ಅಂಗಡಿಯಿಂದ ತಂದ ಹಾಗೇ ಓಡಿಸುವಂತಿಲ್ಲವಂತೆ. ಅದಕ್ಕೆ ಮೊದಲು ರಕ್ಷಣೆ ಕಟ್ಟಬೇಕು ಎಂದು ಅಂಗಡಿಯವನು ಗಂಟೆಗಟ್ಟಲೆ ಉಪದೇಶ ಮಾಡಿ ಕಳಿಸಿದ್ದ. ಗಾಲಿಗಳನ್ನು ಅವನೇ ಬದಲಿಸಿ, ಚೂಪು ಕಲ್ಲಿಗೆ ತಡೆಯುವ ದಪ್ಪ ಟೈರು ಹಾಕಿಸಿದ್ದ. ಮುಂದಿನ ಬಂಪರನ್ನು ಭಾವ ನೀರಿನ ಪೈಪು ಬಗ್ಗಿಸಿ ಮಾಡಿದರು. ಮುಳ್ಳುಗಂಟಿ ಕೈಗೆ ಬಡಿಯದಂತೆ ಹ್ಯಾಂಡಲಿನ ಎದುರು ತಗಡಿನ ಅಡ್ಡಗಟ್ಟೆ. ಬಲಗಡೆಯದನ್ನು ಮಾತ್ರ ಭಾವ ಬೇರೆ ರೀತಿ ಮಾಡಿದರು: ಹಳೆಯ ಟ್ಯೂಬಿನ ರಬ್ಬರು ಸುತ್ತಿ ತಮ್ಮನ ಅಂಗೈ ಜಾರದ ಹಾಗೆ ಒಂದು ಗೂಡು. ಇವರ ಕೈಯನ್ನು ಅದರೊಳಗಿಟ್ಟು ತೆಗೆದು, ಮತ್ತೆ ತಿದ್ದಿ, ಮತ್ತೆ ಇಟ್ಟು ನೋಡಿದರು. ಆ ಅಣ್ಣ ತಮ್ಮಂದಿರು ಜನ್ಮದಲ್ಲಿ ಒಬ್ಬರ ಕೈ ಒಬ್ಬರು ಅಷ್ಟು ಹೊತ್ತು ಹಿಡಿದದ್ದನ್ನು ನಾನು ಕಂಡಿರಲಿಲ್ಲ.

ವಿಂಚು ಒಂದನ್ನು ಮಾತ್ರ ಇವರು ಬೇಡವೆಂದರು. ಕೆಸರಿನಲ್ಲಿ ಹೂತರೆ ಹಗ್ಗವನ್ನು ಮರಕ್ಕೆ ಕಟ್ಟಿ ಗಾಡಿ ತನ್ನನ್ನು ತಾನೇ ಎಳೆದುಕೊಳ್ಳಲು ಮುಂದುಗಡೆ ಪುಟ್ಟ ವಿಂಚು ಇರಲೇಬೇಕು ಎಂದು ಅಂಗಡಿಯವನು ಹೇಳಿದ್ದನಂತೆ. ಇವರು ಆ ಮಾತಿಗೆ ಎದ್ದು ಹೊರಗೆ ಹೋಗಿ ನಿಂತರಂತೆ. ಹೂತರೆ ನೂಕುವವರು ಸಿಗುತ್ತಾರೆ ಎಂದು ನಾನೂ ಸುಮ್ಮನಾದೆ.

ಉಳಿದದ್ದು ತಳ. ಎಂಜಿನ್ನಿನ ಕೆಳಹೊಟ್ಟೆಗೆ ಕಲ್ಲು ಬಡಿಯದಂತೆ ಹಾಕುವ ತಟ್ಟೆಯೊಂದು ಗಾಡಿಯ ಸಂಗಡ ಬಂದಿತ್ತು. ಅಲ್ಯೂಮಿನಿಯಂನದು, ಹಗುರ, ಮೈತುಂಬ ತೂತು. ಭಾವ ಅದನ್ನು ಬಿಸಿಲಿಗೆ ಎತ್ತಿ ಹಿಡಿದರು. ಅವರ ಮುಖದ ಮೇಲೆಲ್ಲ ಬೆಳಕಿನ ಚುಕ್ಕೆಗಳು ಬಿದ್ದವು.

"ತಳಕ್ಕೆ ತೂತು ಹಾಕಿ ಕೊಟ್ಟವ ನಿಂಗೆ ಒಳ್ಳೇದ್ ಬಯಸಿದ್ನ?" ಎಂದು ತಮ್ಮನನ್ನು ಕೇಳಿದರು.

ನಾವು ದೋಣಿಯವರು. ನಮ್ಮಲ್ಲಿ ತಳದ ತೂತು ಎಂದರೆ ಸಾವು. ಹೊಸ ದೋಣಿಗೆ ಭೂತಗನ್ನಡಿ ಹಿಡಿದ ಹಾಗೆ ತಳ ತಡವಿ ನೋಡುತ್ತಾರೆ, ಮೊಳೆ ಹೊಡೆದ ಜಾಗಕ್ಕೂ ಅರಳೆ ತುರುಕಿ ಮೇಣ ಬಳಿಯುತ್ತಾರೆ. ಮಗಳಿಗೆ ಗಂಡು ನೋಡುವಾಗ ಕೂಡ, ಮನೆತನ ಹೇಗಿದೆ ಎನ್ನುವ ಬದಲು ತಳ ಗಟ್ಟಿ ಉಂಟೋ ಎಂದು ಕೇಳುತ್ತಿದ್ದವರು ನನ್ನ ಮಾವ. ಅಂಥ ಮನೆಗೆ ತೂತಿನ ತಟ್ಟೆ ಬಂದರೆ ಯಾರು ಹಾಕಿಸುತ್ತಾರೆ? ಭಾವ ಬೋಟಿನ ದಪ್ಪ ತಗಡು ಕತ್ತರಿಸಿ ಹೊಸ ತಟ್ಟೆ ಮಾಡಿದರು. ನಾಲ್ಕೂ ಅಂಚು ಮೇಲಕ್ಕೆ ಮಡಚಿ, ಮೂಲೆಗಳನ್ನು ವೆಲ್ಡ್ ಮಾಡಿ, ಅಂಗಳದಲ್ಲಿಟ್ಟು ಕೊಡಪಾನ ನೀರು ಹೊಯ್ದು ಪರೀಕ್ಷಿಸಿದರು. ಮರುದಿನದವರೆಗೂ ಒಂದು ಹನಿ ಇಳಿಯಲಿಲ್ಲ. ಅದನ್ನು ಬೋಲ್ಟು ಹಾಕಿ ಬಿಗಿದು, ಮರದ ದೋಣಿಗೆ ಬಳಿಯುವ ತಾರ್ಲೆ ಮೀನಿನ ಎಣ್ಣೆಯನ್ನೇ ಹೊರಮೈಗೆಲ್ಲ ಬಳಿದರು. ಕಾಯಿ ಒಡೆದು, ಹೂ ಮುಡಿಸಿ, ನಾಲ್ಕು ಗಾಲಿಗೂ ಲಿಂಬೆ ಇಟ್ಟೆವು. ತೂತಿನ ತಟ್ಟೆಯನ್ನು ನಾನು ಕೇಳಿ ತೆಗೆದುಕೊಂಡೆ. ತೊಳೆದ ಮೀನು ಬಸಿಯಲು ಅಷ್ಟು ಚಂದದ ಸಾಮಾನು ನನಗೆ ಅದುವರೆಗೆ ಸಿಕ್ಕಿರಲಿಲ್ಲ.

ಆ ಚಳಿಗಾಲ, ಆ ಬೇಸಿಗೆ ಇವರು ಮತ್ತೆ ತಾಂಡೇಲರಾದರು. ಬೆಳಿಗ್ಗೆ ಟೋಪಿ ಹಾಕಿಕೊಂಡು ಹೊರಡುತ್ತಿದ್ದರು. ಹಿಂದೆ ಕೂತವರಿಗೆ ಎಲ್ಲಿ ಬಗ್ಗಬೇಕು, ಎಲ್ಲಿ ಗಟ್ಟಿ ಹಿಡಿಯಬೇಕು ಎಂದು ಬೋಟಿನ ಹುಡುಗರಿಗೆ ಹೇಳಿದ ಹಾಗೆ ಹೇಳುತ್ತಿದ್ದರಂತೆ. ಎಂಜಿನ್ ಬಿಸಿಯಾದರೆ ತಳದ ಮೀನೆಣ್ಣೆಯೂ ಕಾಯುತ್ತಿತ್ತು. ಗುಡ್ಡದ ನೆತ್ತಿಯಲ್ಲಿ ಬಂಗಡೆ ಹುರಿದ ವಾಸನೆ ಎಲ್ಲಿಂದ ಬರುತ್ತಿದೆಯೆಂದು ಅತಿಥಿಗಳು ಮೂಗು ಎತ್ತಿ ಹುಡುಕುತ್ತಿದ್ದರಂತೆ, ಊರ ನಾಯಿಗಳು ಹಿಂದೆ ಹಿಂದೆ ಓಡುತ್ತಿದ್ದವಂತೆ. ಇದನ್ನೆಲ್ಲ ಇವರೇ ಊಟಕ್ಕೆ ಕೂತಾಗ ಹೇಳುತ್ತಿದ್ದರು. ಮೀನು ರುಚಿಯಾಗಿಲ್ಲ ಎಂದು ಜಗಳವನ್ನೂ ಆಡಿದರು. ಮೀನು ಮಾರುವವಳ ಮೀನಿಗೆ ಹೆಸರಿಡುತ್ತೀರಾ ಎಂದು ನಾನೂ ಬಾಯಿ ಮಾಡಿದೆ. ಒಳಗೊಳಗೆ ನನಗೆ ಹಾಲು ಕುಡಿದಷ್ಟು ಖುಷಿ.

ಉಪ್ಪುಕೆಸರಿನಲ್ಲಿ ಓಡಿದ ಗಾಡಿಯನ್ನು ಸಿಹಿನೀರಿನಲ್ಲಿ ತೊಳೆಯಲೇಬೇಕು ಎಂದು ಅಂಗಡಿಯವನು ಹೇಳಿದ್ದ. ಇವರು ಒಂದು ದಿನವೂ ತಪ್ಪಿಸಲಿಲ್ಲ. ಎಡಗೈಯಲ್ಲಿ ಪೈಪು ಹಿಡಿದು ಬಾವಿ ನೀರು ಬಿಡುತ್ತಿದ್ದರು. ಮೇಲಿನಿಂದ ಇಳಿದ ಕೆಸರು, ಉಪ್ಪು, ನೀರು ಎಲ್ಲ ಎಲ್ಲಿಗೆ ಹೋಗುತ್ತಿದೆ ಎಂದು ಯಾರೂ ಬಗ್ಗಿ ನೋಡಲಿಲ್ಲ. ದೋಣಿಯಾಗಿದ್ದರೆ ಒಳಗೆ ನಿಂತ ನೀರನ್ನು ಎತ್ತಿ ಚೆಲ್ಲುವುದು ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ. ನೆಲದ ಮೇಲಿನ ಗಾಡಿಯ ಹೊಟ್ಟೆಯೊಳಗೂ ನೀರು ನಿಲ್ಲುತ್ತದೆ ಎಂದು ನಮಗೆ ಹೊಳೆಯಲೇ ಇಲ್ಲ.

ಮಳೆಗಾಲ ಬಂತು. ಬೋಟುಗಳೆಲ್ಲ ದಡ ಹತ್ತುವ ಹೊತ್ತಿಗೆ ಇವರೂ ಗಾಡಿಯನ್ನು ದಡ ಹತ್ತಿಸಿದರು. ಇನ್ನೊಂದು ಸಲ ಮೀನೆಣ್ಣೆ ಬಳಿದು, ಗಾಳಿಯೂ ಆಡದಂತೆ ತಾಡಪತ್ರೆ ಸುತ್ತಿ, ಬೋಟಿಗೆ ಕಟ್ಟುವ ಗಂಟನ್ನೇ ಹಾಕಿ ಕಟ್ಟಿದರು. ಹೊರಗೆ ಸುರಿದದ್ದು ಒಳಗೆ ಹೋಗಲಿಲ್ಲ, ಅದೇನೋ ನಿಜ. ಒಳಗಿದ್ದದ್ದೂ ಹೊರಗೆ ಬರಲಿಲ್ಲ.

ನೂಲ ಹುಣ್ಣಿಮೆಯ ದಿನ ನಮ್ಮವರು ಸಮುದ್ರಕ್ಕೆ ಕಾಯಿ ಬಿಟ್ಟು ಹೊಸ ಹಂಗಾಮು ಶುರು ಮಾಡುತ್ತಾರೆ. ಅದು ಮುಗಿಸಿ ಬಂದು ಇವರು ಗಂಟು ಬಿಚ್ಚಿದರು. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅತಿಥಿಗಳನ್ನು ಕೂರಿಸುವ ಮೊದಲು ದಾರಿ ನೋಡಿ ಬರುತ್ತೇನೆಂದು ಒಬ್ಬರೇ ಹೋದರು. ಗುಡ್ಡದ ಅರ್ಧಕ್ಕೆ, ದಿನಾ ಹತ್ತುತ್ತಿದ್ದ ಕಲ್ಲನ್ನೇ ಹತ್ತುವಾಗ ಮುಂದಿನ ಎಡಗಾಲಿ ಗಾಡಿಯ ಕಬ್ಬಿಣದ ಹಂದರದಿಂದ, ಅಂದರೆ ಚಾಸಿಯಿಂದ, ಕಿತ್ತುಬಂದು ಪಕ್ಕಕ್ಕೆ ಮಲಗಿತು. ಇವರು ಮುಳ್ಳುಗಂಟಿಯ ಪೊದೆಯೊಳಗೆ ಉರುಳಿದರು. ಮೈ ತರಚಿತು, ಅಷ್ಟೇ. ಬಿದ್ದವರನ್ನು ದೇವರು ಕಾಪಾಡಿದ ಎಂದು ಊರವರು ಹೇಳಿದರು. ಕಾಪಾಡುವವನು ಗಾಡಿಯನ್ನೂ ಕಾಪಾಡಬಹುದಿತ್ತು ಎಂದು ನನಗೆ ಸಿಟ್ಟು ಬಂತು. ಈಗಲೂ ಆ ಸಿಟ್ಟು ಇದೆ.

ಪಿಕಪ್ಪಿನಲ್ಲಿ ಹೇರಿ ಅಂಗಳಕ್ಕೆ ತಂದರು. ಹೊನ್ನಾವರದಿಂದ ಮೆಕ್ಯಾನಿಕ್ ಬಂದ. ಗಾಡಿಯ ಕೆಳಗೆ ಗೋಣಿ ಹಾಸಿ ಮಲಗಿ ತಟ್ಟೆಯ ಬೋಲ್ಟುಗಳನ್ನು ಬಿಚ್ಚಿದ. ಭಾವ ಒಂದು ಕಡೆ ಹಿಡಿದುಕೊಂಡರು. ತಟ್ಟೆ ಕೆಳಗಿಳಿದಾಗ ಅದರ ತುಂಬ ಕಪ್ಪು ಕೆಸರು, ಅದರ ಮೇಲೆ ತುಕ್ಕಿನ ಬಣ್ಣದ ನೀರು. ವರ್ಷಪೂರ್ತಿ ಆ ಉಪ್ಪುಗಂಜಿಯಲ್ಲೇ ಅದ್ದಿಕೊಂಡಿದ್ದ ಚಾಸಿಯ ಪೈಪಿಗೆ ಮೆಕ್ಯಾನಿಕ್ ಸ್ಕ್ರೂಡ್ರೈವರ್ ಒತ್ತಿದ. ನೆನೆದ ಹಪ್ಪಳಕ್ಕೆ ಹೋದ ಹಾಗೆ ಒಳಗೆ ಹೋಯಿತು. ವೆಲ್ಡ್ ಮಾಡಬಹುದೇ ಎಂದು ಭಾವ ಕೇಳಿದರು. ಹಿಡಿಸುವುದಕ್ಕೆ ಕಬ್ಬಿಣವೇ ಇಲ್ಲವಲ್ಲ ಎಂದ. ಆ ಮಾದರಿ ಈಗ ಬರುವುದಿಲ್ಲ, ಬರೀ ಚಾಸಿ ಬೇರೆಯಾಗಿ ಸಿಗುವುದೂ ಇಲ್ಲ ಎಂದೂ ಹೇಳಿದ. ಪಾಪ, ಅವನು ಮೆತ್ತಗೇ ಹೇಳಿದ.

ಭಾವನ ತಟ್ಟೆಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ. ಮೀನೆಣ್ಣೆ ಕುಡಿದು ಹೊಳೆಯುತ್ತಿತ್ತು. ಇವರು ಕುಕ್ಕುರುಗಾಲಲ್ಲಿ ಕೂತು, ಉಳಿದ ಹೆಬ್ಬೆರಳನ್ನು ಅದರ ಮೂಲೆಯ ವೆಲ್ಡಿನ ಮೇಲೆ ಎಳೆದರು.

"ಒಂದ್ ಹನಿ ಸೋರ್ಲಿಲ್ಲ ನೋಡು, ಅಣ್ಣ," ಅಂದರು.

ಅದರಲ್ಲಿ ಕೊಂಕಿರಲಿಲ್ಲ. ಅಣ್ಣನ ಕೆಲಸವನ್ನು ಹೊಗಳಿದ್ದೇ ಅದು. ಭಾವ ಮುಖ ಆಚೆ ತಿರುಗಿಸಿ ಬಾವಿಕಟ್ಟೆಯ ಕಡೆ ಹೋದರು. ಮೆಕ್ಯಾನಿಕ್‌ಗೆ ನಮ್ಮ ಮನೆಯ ಸಂಗತಿ ಏನು ಗೊತ್ತು? ಕೈ ಒರೆಸಿಕೊಳ್ಳುತ್ತ ಕೇಳಿದ.

"ಇದ್ರ ಸಂಗಡ ತೂತಿದ್ದ ತಟ್ಟೆ ಒಂದ್ ಬಂದಿರ್ತದಲ್ಲ, ಅದು ಎಲ್ಲುಂಟು?"

ಅದು ಅಲ್ಲೇ ಇತ್ತು, ಅವನ ಬೆನ್ನ ಹಿಂದೆ, ಎರಡು ಕಲ್ಲಿನ ಮೇಲೆ. ಆಗಷ್ಟೇ ತೊಳೆದ ಸಿಗಡಿ ಹರಡಿದ್ದೆ. ಒಂದೊಂದು ತೂತಿನಿಂದಲೂ ನೀರು ತೊಟ್ಟಿಕ್ಕಿ ಕೆಳಗೆ ಹರಿದು ಹೋಗುತ್ತಿತ್ತು.

ಅದಾದ ಮೇಲೆ ಹೇಳುವುದಕ್ಕೆ ಹೆಚ್ಚೇನಿಲ್ಲ. ಹೋಮ್‌ಸ್ಟೇಯವರು ಬೇರೆಯವರನ್ನು ಗೊತ್ತು ಮಾಡಿಕೊಂಡರು, ನನ್ನ ಹತ್ತಿರ ಮೀನು ಈಗಲೂ ಕೊಳ್ಳುತ್ತಾರೆ. ಗಾಡಿ ಅಂಗಳದ ಮೂಲೆಯಲ್ಲಿ ತಾಡಪತ್ರೆಯಡಿ ಇದೆ; ಗುಜರಿಯವರು ಕೂಗುತ್ತ ಬಂದರೆ ನಾನೇ ಕೈಬೀಸಿ ಮುಂದೆ ಕಳಿಸುತ್ತೇನೆ. ಭಾವನ ತಟ್ಟೆಯಲ್ಲಿ ಕೋಳಿಗಳಿಗೆ ನೀರು ಇಡುತ್ತೇವೆ. ಇವತ್ತಿಗೂ ಅದು ಸೋರುವುದಿಲ್ಲ.

ಇವರು ಮತ್ತೆ ಜಗಲಿಯ ಕಂಬಕ್ಕೆ ಬಂದಿದ್ದಾರೆ. ಮಧ್ಯಾಹ್ನ ಅಲ್ಲೇ ಕಣ್ಣು ಹತ್ತುತ್ತದೆ. ಆಗ ಮಡಿಲಲ್ಲಿಟ್ಟ ಬಲಗೈಯ ಹೆಬ್ಬೆರಳು ನಿಧಾನವಾಗಿ ಒತ್ತುತ್ತದೆ, ಬಿಡುತ್ತದೆ. ಏರು ಬಂದಲ್ಲಿ ಜೋರಾಗಿ ಒತ್ತುತ್ತದೆ. ಗುಡ್ಡದ ನೆತ್ತಿ ಮುಟ್ಟುವವರೆಗೆ ನಾನು ಅವರನ್ನು ಎಬ್ಬಿಸುವುದಿಲ್ಲ.