ನಾನು ಸುಣ್ಣ ಹೊಡೆದ ಗೋಡೆ

ನಿರ್ಮಲಾ ಅವರೇ, ಗೋಕಾಕದಲ್ಲಿರುವ ನಿಮ್ಮ ಚಿಕ್ಕಮ್ಮನ ಮನೆಯ ಆ ಗೋಡೆ ತಾನಾಗಿ ಕೆಡಲಿಲ್ಲ. ಅದರ ಮೇಲೆ ಸುಣ್ಣ ಹೊಡೆದವನು ನಾನು. ಹೋದ ತಿಂಗಳು ಮನೆ ನೋಡಲು ಬಂದು, ಹೆಸರನ್ನೂ ಹೇಳದೆ, ನೀವು ಕೊಟ್ಟ ಚಹಾ ಕುಡಿದು ಎದ್ದು ಹೋದ ನರೆಗೂದಲಿನವನು ಇದ್ದನಲ್ಲ — ಅವನೇ ನಾನು. ಅಂದೇ ಹೇಳಬೇಕಿತ್ತು. ಬಾಯಿ ಬರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಕೆಲವು ವರ್ಷ ನಾನು ಗೋಕಾಕದ ಒಂದು ಶಾಲೆಯಲ್ಲಿ ಚಿತ್ರಕಲೆಯ ಮಾಸ್ತರನಾಗಿದ್ದೆ. ಊರು ಮಮದಾಪುರ, ಗೋಕಾಕದಲ್ಲಿ ನನ್ನವರೆಂದು ಯಾರೂ ಇರಲಿಲ್ಲ. ನಿಮ್ಮ ಚಿಕ್ಕಮ್ಮ ಗಿರಿಜಾಬಾಯಿಯವರು ಮುಂಬಾಗಿಲ ಬದಿಯ ಕೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದರು. ಅವರ ಗಂಡ ವಿರೂಪಾಕ್ಷಪ್ಪನವರು ಅಷ್ಟರಲ್ಲಿ ತೀರಿಕೊಂಡಿದ್ದರು. ಗಂಡ ಹೆಂಡತಿ ಇಬ್ಬರೂ ಮುಂಬೈಯಲ್ಲಿ ಕಲಿತ ಚಿತ್ರಕಾರರು. ಮನುಷ್ಯ, ಮರ, ದೇವರು ಯಾವುದೂ ಇಲ್ಲದ ಚಿತ್ರ ಬರೆಯುವವರು — ಬರೀ ಬಣ್ಣ, ಬರೀ ಆಕಾರ. ಗಂಡನದೊಂದು ಕೋಣೆ, ಹೆಂಡತಿಯದೊಂದು ಕೋಣೆ. ಗಂಡ ತೀರಿದ ದಿನ ಕುಂಚ ಎಲ್ಲಿತ್ತೋ ಅಲ್ಲೇ ಇರಬೇಕು, ಬಣ್ಣ ಒಣಗಿದ ಬಟ್ಟಲು ಕೂಡ ಸರಿಸಬಾರದು ಎಂದು ನಿಮ್ಮ ಚಿಕ್ಕಮ್ಮನ ಕಟ್ಟಪ್ಪಣೆ. ಕಣ್ಣಿಗೆ ಪೊರೆ ಬಂದು ತಾವು ಬರೆಯುವುದು ನಿಂತ ಮೇಲೆ ತಮ್ಮ ಕೋಣೆಯನ್ನೂ ಹಾಗೆಯೇ ಇಟ್ಟರು. ಎಲ್ಲೆಲ್ಲಿಂದಲೋ ಚಿತ್ರಕಾರರು ಘಟಪ್ರಭಾಕ್ಕೆ ರೈಲಿನಲ್ಲಿ ಬಂದು, ಬಸ್ಸು ಹಿಡಿದು, ಆ ಎರಡು ಕೋಣೆ ನೋಡಲು ಬರುತ್ತಿದ್ದರು.

ವಿರೂಪಾಕ್ಷಪ್ಪನವರ ಕೋಣೆಯ ಪಡುವಣ ಗೋಡೆಯ ಮೇಲೆ ಒಂದು ಚಿತ್ರವಿತ್ತು. ಇಬ್ಬರೂ ಕೂಡಿ ಬರೆದದ್ದು ಅದೊಂದೇ. ಎಡಗಡೆಯಿಂದ ಗಂಡ, ಬಲಗಡೆಯಿಂದ ಹೆಂಡತಿ, ನಡುವೆ ಎಲ್ಲೋ ಬಂದು ಕೂಡಿದ್ದರು. ಅಂಟಿನಲ್ಲಿ ಕಲಸಿದ ಬಣ್ಣ. ನೀರು ತಾಗಿದರೆ ನಿಲ್ಲುವುದಲ್ಲ.

ನನಗೆ ಆ ಚಿತ್ರ — ನಿಜ ಹೇಳಿಬಿಡುತ್ತೇನೆ — ಹಿಡಿಸಿರಲಿಲ್ಲ. ಮಕ್ಕಳಿಗೆ ಮಾವು, ನವಿಲು ಬರೆಯಲು ಕಲಿಸುವ ನಾನು ಒಳಗೊಳಗೇ ನಗುತ್ತಿದ್ದೆ. ಆದರೆ ನಿಮ್ಮ ಚಿಕ್ಕಮ್ಮ ನನ್ನನ್ನು "ತಮ್ಮಾ" ಎಂದು ಕರೆಯುತ್ತಿದ್ದರು. ನನಗಿಂತ ಮೊದಲು ಊಟಕ್ಕೆ ಕೂತವರಲ್ಲ.

ಆ ವರ್ಷ ಆಷಾಢದಲ್ಲಿ ನಿಮ್ಮ ತಾಯಿಗೆ ಜ್ವರ ಬಂತೆಂದು ಮೂಡಲಗಿಯಿಂದ ಕರೆ ಬಂತು. ಹೊರಡುವಾಗ ನಿಮ್ಮ ಚಿಕ್ಕಮ್ಮ ಕೀಲಿಕೈ ನನ್ನ ಅಂಗೈಯಲ್ಲಿಟ್ಟು ಹೇಳಿದರು:

"ಮೋಡ ಆತಂದ್ರ ಬೆಳಕಿಂಡಿ ಮುಚ್ಚು. ಆ ಗ್ವಾಡಿ ಒಂದು ಜ್ವಾಕಿ, ತಮ್ಮಾ."

ಬೆಳಕಿಂಡಿ ಎಂದರೆ ಮಣ್ಣಿನ ಮಾಳಿಗೆಯ ಚಾವಣಿಯಲ್ಲಿ ಆ ಗೋಡೆಗೆ ಬೆಳಕು ಬೀಳಲೆಂದೇ ಬಿಡಿಸಿದ್ದ ಕಿಂಡಿ. ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಕೋಣೆ ಒಣಗಲೆಂದು ನಾನೇ ಅದನ್ನು ತೆರೆದೆ. ಭಾನುವಾರ ಗೆಳೆಯರ ಜೊತೆ ಧುಪದಾಳಕ್ಕೆ ಹೋದೆ. ಒಡ್ಡಿನ ಮೇಲೆ ನೀರು ಧುಮುಕುತ್ತದೆ, ನೋಡೋಣವೆಂದು. ಮಧ್ಯಾಹ್ನ ಮೋಡ ಕವಿಯಿತು. ಬೆಳಕಿಂಡಿ ನೆನಪಾಗಲಿಲ್ಲವೆಂದಲ್ಲ. ನೆನಪಾಯಿತು. ಗೋಕಾಕಕ್ಕೆ ಹೋಗುವ ಬಸ್ಸು ಕಣ್ಣೆದುರೇ ನಿಂತಿತ್ತು. ಬಿಸಿ ಮಿರ್ಚಿ ಭಜಿ ಆಗಷ್ಟೇ ಬಂದಿತ್ತು. ಬಸ್ಸು ಹೋಯಿತು — ನಾನು ಭಜಿ ತಿನ್ನುತ್ತ ಕೂತೆ.

ಸಂಜೆಯಿಂದ ಸುರಿದ ಮಳೆಗೆ ಅಲ್ಲೇ ಉಳಿದೆ. ಮರುದಿನ ಬಂದು ಬಾಗಿಲು ತೆಗೆದಾಗ ಮಾಳಿಗೆಯ ಮಣ್ಣು ನೀರಿನೊಂದಿಗೆ ಗೋಡೆಯ ಮೇಲೆ ಹರಿದು ಇಳಿದಿತ್ತು. ಎಡಗಡೆ ಏನೂ ಉಳಿದಿರಲಿಲ್ಲ; ಬಣ್ಣವೆಲ್ಲ ನೆಲದ ಮೇಲೆ ಕೆಸರಾಗಿತ್ತು. ಬಲಗಡೆ — ಇದನ್ನು ಇಂದಿನವರೆಗೆ ಯಾರಿಗೂ ಹೇಳಿಲ್ಲ — ಬಲಗಡೆಗೆ ಏನೂ ಆಗಿರಲಿಲ್ಲ. ನಿಮ್ಮ ಚಿಕ್ಕಮ್ಮ ಬರೆದ ಅರ್ಧ ಹಾಗೇ ನಿಂತಿತ್ತು.

ಅರ್ಧ ಉಳಿದರೆ ಬಂದವರು ಇನ್ನರ್ಧ ಏನಾಯಿತೆಂದು ಕೇಳುತ್ತಾರೆ. ಏನೂ ಇಲ್ಲದಿದ್ದರೆ ಬೇರೆ ಏನಾದರೂ ಹೇಳಬಹುದು. ಇಷ್ಟೇ ನನ್ನ ಲೆಕ್ಕಾಚಾರ. ಸುಣ್ಣ ಕಲಸಿ ಗೋಡೆಯ ಉದ್ದಕ್ಕೂ ಹೊಡೆದೆ. ವಾಸನೆ ತಿಳಿಯಬಾರದೆಂದು ಪಡಸಾಲೆಗೂ ಹೊಡೆದೆ. ಬಲಗಡೆಯ ಬಣ್ಣ ಒಂದು ಸಲಕ್ಕೆ ಮುಚ್ಚಲಿಲ್ಲ, ಕೆಳಗಿನಿಂದ ಮತ್ತೆ ಮತ್ತೆ ಮೂಡಿತು. ಮೂರು ಸಲ ಹೊಡೆದೆ.

ಹತ್ತು ದಿನದ ಮೇಲೆ ಅವರು ಬಂದರು. ಆಗ ಅವರಿಗೆ ಕಾಣುತ್ತಿದ್ದದ್ದು ಬೆಳಕು ಮತ್ತು ಕತ್ತಲೆ, ಅಷ್ಟೇ. ಪಡಸಾಲೆಗೆ ಸುಣ್ಣವಾದದ್ದಕ್ಕೆ ಸಂತೋಷಪಟ್ಟರು. ಗಂಡನ ಕೋಣೆಯ ಹೊಸ್ತಿಲಲ್ಲಿ ನಿಂತು ಮುಖ ಮೇಲೆತ್ತಿದರು.

"ಯಾಕೋ ಬೆಳಕ ಹೆಚ್ಚಾದಂಗ ಐತೆಲ್ಲ ತಮ್ಮಾ?"

"ಬೆಳಕಿಂಡಿ ಸ್ವಚ್ಛ ಮಾಡೇನ್ರಿ ಅಕ್ಕಾರ."

ಈ ಒಂದು ಮಾತಿನ ಹಿಂದೆ ಎಷ್ಟು ವರ್ಷ ಅಡಗಿ ಕೂತೆ.

ದೀಪಾವಳಿ ಕಳೆದ ಮೇಲೆ ಮುಂಬೈಯಿಂದ ಒಬ್ಬ ಚಿತ್ರಕಾರ, ಅವನ ಹೆಂಡತಿ ಬಂದರು. ನಿಮ್ಮ ಚಿಕ್ಕಮ್ಮ ಅವರನ್ನು ಬರಿ ಗೋಡೆಯ ಮುಂದೆ ನಿಲ್ಲಿಸಿ, ಕೈ ಚಾಚಿ, ಮರಾಠಿಯಲ್ಲಿ ಹೇಳತೊಡಗಿದರು — ಇಲ್ಲಿ ಕಾವಿ, ಇಲ್ಲಿಂದ ಕಪ್ಪು ಇಳಿಯುತ್ತದೆ, ಇಲ್ಲಿ ಅವರು ನನಗಾಗಿ ಜಾಗ ಬಿಟ್ಟರು. ಗೋಡೆಯನ್ನು ಮುಟ್ಟಲಿಲ್ಲ, ಬಣ್ಣಕ್ಕೆ ಬೆವರು ತಾಗಬಾರದೆಂದು ಎಂದೂ ಮುಟ್ಟಿದವರಲ್ಲ. ಬಂದವರು ಗೋಡೆ ನೋಡಿದರು, ಅವರನ್ನು ನೋಡಿದರು, ನನ್ನನ್ನು ನೋಡಿದರು. ನಾನು ನಿಮ್ಮ ಚಿಕ್ಕಮ್ಮನ ಬೆನ್ನ ಹಿಂದೆ, ಹೇಳಬೇಡಿ ಎಂದು ಕೈ ಮುಗಿದು ನಿಂತೆ. ಆ ಹೆಂಗಸಿನ ಕಣ್ಣಲ್ಲಿ ನೀರು ಬಂತು. ಅದು ಚಿತ್ರ ಕಂಡು ಬಂದದ್ದೆಂದು ನಿಮ್ಮ ಚಿಕ್ಕಮ್ಮ ತಿಳಿದರೋ ಏನೋ, "ಹೌದಲ್ಲ?" ಎಂದು ಅವಳ ಕೈ ಹಿಡಿದುಕೊಂಡರು.

ಆ ಗಂಡ ಹೆಂಡತಿ ಊರಿಗೆ ಹೋಗಿ, ಚಿತ್ರ ಹಾಳೆಯ ಮೇಲಾದರೂ ಉಳಿಯಲೆಂದಿರಬೇಕು, ಕಾಗದ ಬರೆದರು: ಮಾಸ್ತರರು ಆ ಗೋಡೆಯ ಚಿತ್ರದ ಒಂದು ಪ್ರತಿಯನ್ನು ಹಾಳೆಯ ಮೇಲೆ ಬರೆದಿಟ್ಟರೆ ಒಳ್ಳೆಯದು. ನಾನೇ ಅದನ್ನು ಓದಿ ಹೇಳಬೇಕಾಯಿತು. ನಿಮ್ಮ ಚಿಕ್ಕಮ್ಮ ಹಿಗ್ಗಿದರು. ಗೋಡೆಯ ಮುಂದೆ ಚಾಪೆ ಹಾಸಿಸಿ, ನನ್ನನ್ನು ಕೂಡಿಸಿ, ತಾವೂ ಪಕ್ಕದಲ್ಲಿ ಕೂತರು.

ನನಗೆ ಏನೂ ನೆನಪಿರಲಿಲ್ಲ. ಅದೇ ಮನೆಯಲ್ಲಿ ಇದ್ದೂ ಒಂದು ದಿನ ಕೂಡ ಅದನ್ನು ಕಣ್ಣಿಟ್ಟು ನೋಡಿರಲಿಲ್ಲ. ಕೊನೆಗೆ ಕೇಳಿದೆ:

"ಅಕ್ಕಾರ, ಎಡಕ್ಕ ಮ್ಯಾಲಿನ ಮೂಲ್ಯಾಗ ಏನೈತ್ರಿ?"

ಹೇಳಿದರು. ಬರೆದೆ. ಮತ್ತೆ ಕೇಳಿದೆ. ಮೂರನೆಯ ಸಲ ಕೇಳಿದಾಗ ಅವರು ನನ್ನ ಕಡೆ ಮುಖ ತಿರುಗಿಸಿದರು.

"ನನ್ನ ಯಾಕ ಕೇಳಾಕತ್ತಿ? ನಿನ್ನ ಮುಂದನ ಐತೆಲ್ಲ."

ಆಗಲಾದರೂ ಹೇಳಿಬಿಡಬಹುದಿತ್ತು — ಹಾಳೆಯ ಮೇಲೆ ತಲೆ ಬಗ್ಗಿಸಿದೆ. ಅವರು ಕಾದರು. ಆಮೇಲೆ ಎದ್ದು, ಮೊದಲ ಸಲ, ಗೋಡೆಯ ಮೇಲೆ ಅಂಗೈ ಇಟ್ಟರು. ಸರಿಸುತ್ತ ಈ ತುದಿಯಿಂದ ಆ ತುದಿಗೆ ನಡೆದರು. ತಿರುಗಿ ಬಂದು ಚಾಪೆಯ ಮೇಲೆ ಕೂತರು. ಬೆರಳಿಗೆ ಸುಣ್ಣ ಹತ್ತಿತ್ತು.

"ಬರಕೋರಿ," ಎಂದರು.

ಹೊತ್ತು ಮುಳುಗುವವರೆಗೆ ಹೇಳಿದರು. ಒಂದೊಂದು ಬಣ್ಣ ಎಷ್ಟು ಅಗಲ, ಎಲ್ಲಿ ತೆಳುವಾಗುತ್ತದೆ, ಎಲ್ಲಿ ಅವರ ಗಂಡನ ಕೈ ನಡುಗಿತ್ತು. ದನಿ ಒಮ್ಮೆಯೂ ತಪ್ಪಲಿಲ್ಲ. ಮುಗಿದ ಮೇಲೆ ಕೇಳಿದ್ದು ಇಷ್ಟೇ: "ಎಲ್ಲಾ ಬಂತೇನ್ರಿ, ಮಾಸ್ತರ್ರ?"

ಅಂದಿನಿಂದ ನಾನು ಅವರಿಗೆ ತಮ್ಮನಲ್ಲ, ಮಾಸ್ತರ್ರು. ಬೈಗುಳವಿಲ್ಲ, ಕಣ್ಣೀರಿಲ್ಲ. ಊಟ ಮುಚ್ಚಿಟ್ಟು ತಮ್ಮ ಕೋಣೆಗೆ ಹೋಗುತ್ತಿದ್ದರು. ಒಂದೇ ಮಾಡಿನ ಕೆಳಗೆ ನಾವಿಬ್ಬರು ಬೇರೆ ಬೇರೆ ಊರಿನಲ್ಲಿದ್ದಂತೆ ಇದ್ದೆವು. ನಾನೇ ಕೇಳಿಕೊಂಡು ಹುಕ್ಕೇರಿಗೆ ವರ್ಗ ಮಾಡಿಸಿಕೊಂಡೆ. ಅವರು ತೀರಿಕೊಂಡ ಸುದ್ದಿ ಅಲ್ಲಿಗೆ ಬಂದಾಗ ತರಗತಿಯಲ್ಲಿದ್ದೆ. ಮಣ್ಣು ಕೊಡುವುದಕ್ಕೂ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ?

ಹೋದ ತಿಂಗಳು ಹೇಗೋ ಧೈರ್ಯ ಮಾಡಿ ಬಂದೆ. ನೀವು ಎರಡೂ ಕೋಣೆ ತೋರಿಸಿದಿರಿ. ಚೌಕಟ್ಟು ಹಾಕಿಸಿದ ನನ್ನ ಹಾಳೆಯ ಮುಂದೆ ನಿಂತು ಹೇಳಿದಿರಿ:

"ಗ್ವಾಡಿ ತಂಪ ಹಿಡದು ಕೆಟ್ಟಿತ್ರಿ. ಅದಕ್ಕಿಂತ ಮೊದ್ಲ ನಮ್ಮ ಚಿಗವ್ವನ ಮನ್ಯಾಗಿದ್ದ ಮಾಸ್ತರ ಒಬ್ರು ನೋಡಿ ನೋಡಿ ಇದನ್ನ ತಗದಿಟ್ರಂತ. ಚಿಗವ್ವನ ಹೇಳಿದ್ಲು. ಭಾಳ ನಂಬಿಕಸ್ತ ಮನಶ್ಯಾ ಅಂತಿದ್ಲು."

ನನ್ನ ಸುಳ್ಳನ್ನು ಅವರು ತಮ್ಮ ಬಾಯಲ್ಲಿ ಹೊತ್ತುಕೊಂಡು ಹೋಗಿದ್ದರು. ಯಾಕೆ — ಕರುಣೆಯೋ, ನಾಚಿಕೆಯೋ, ಮನೆಯ ಮಾನವೋ — ಕೇಳಲು ಅವರಿಲ್ಲ. ನಾನು ತಲೆಯಾಡಿಸಿ ಚಹಾ ಕುಡಿದೆ.

ಬರುವ ಭಾನುವಾರ ಹುಕ್ಕೇರಿಯಿಂದ ಮೊದಲ ಬಸ್ಸಿಗೆ ಬರುತ್ತೇನೆ. ಅಷ್ಟರಲ್ಲಿ ಈ ಕಾಗದ ನಿಮ್ಮ ಕೈ ಸೇರಿರುತ್ತದೆ. ಕ್ಷಮೆ ಕೇಳಲು ಬರುತ್ತಿಲ್ಲ. ಅದನ್ನು ಕೊಡಬೇಕಾದವರು ಹೋದರು. ಮನೆ ನೋಡಲು ಬಂದವರ ಮುಂದೆ ನಿಂತು ಇದನ್ನೆಲ್ಲ ನನ್ನ ಬಾಯಿಂದ ಹೇಳಬೇಕು. ನೀವು ಬಾಗಿಲು ತೆಗೆಯದಿದ್ದರೆ, ಕಟ್ಟೆಯ ಮೇಲೆ ಕೂತು ಹೇಳುತ್ತೇನೆ.