ಮೂಲೆಗೆ ಸರಿದ ರಾಜ

ನಮ್ಮ ಅತ್ತೆಯ ಬಾಯಿಗೆ ಬೀಗವಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಒಡಹುಟ್ಟಿದ ತಂಗಿಯ ಬಗ್ಗೆ ಆಡಿದ ಮಾತಾದರೂ ಸುಳ್ಳೇನಲ್ಲ. ದರ್ಜಿ ಅಂಗಡಿಗಳಿಂದ ಬಂದ ಅಂಗಿಗಳಿಗೆ ಕಾಜಾ ಹೊಲಿದು, ಗುಂಡಿ ಹಾಕಿ ಕೊಡುವುದು ಅವಳ ಕೆಲಸ. ಬೀದಿಗೆಲ್ಲ ಅವಳು ಕಾಜಾ ಅತ್ತೆ. ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡಾಗ ಮಾತ್ರ ಸುಮ್ಮನಿರುತ್ತಿದ್ದಳು. ಆಗಲೂ ಅರ್ಧ ಸುದ್ದಿಯನ್ನು ಹುಬ್ಬಿನಲ್ಲೇ ಹೇಳಿಬಿಡುತ್ತಿದ್ದಳು.

ಕಿಟಕಿಯ ಬೆಳಕಿಗೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ಒಳಕೋಣೆಗೆ ಬೆನ್ನು ಹಾಕಿದರೆ ಬೆಳಕು ಚೆನ್ನಾಗಿ ಬೀಳುತ್ತಿತ್ತು, ಆದರೆ ಅವಳು ಹಾಗೆ ಕೂತದ್ದನ್ನು ನಾನು ಕಂಡಿಲ್ಲ. ಮಾತಿನ ನಡುವೆ ಒಮ್ಮೊಮ್ಮೆ ಆ ಬಾಗಿಲ ಕಡೆ ನೋಡಿ ಮಾತು ತಡೆಯುತ್ತಿದ್ದಳು.

"ಏನತ್ತೆ?"

"ಟಕ್ ಅಂತು. ಮಣೆ ಮೇಲೆ ಕಾಯಿ ಇಟ್ಟ ಹಾಗೆ. ಏನಿಲ್ಲ ಬಿಡು, ಇಲಿ ಇರ್ಬೇಕು."

ಆ ಕೋಣೆ ಮಾವನದು. ಮಾವ ಲಿಫ್ಟ್ ರಿಪೇರಿ ಮಾಡುತ್ತಿದ್ದರು. ಕೆಲಸದಿಂದ ಬಂದು ಕೈಯ ಗ್ರೀಸು ತೊಳೆದು, ಹೆಂಡತಿಯ ಜೊತೆ ಚದುರಂಗಕ್ಕೆ ಕೂತರೆ ಅವರಿಗೆ ಬೇರೆ ಲೋಕ ಬೇಡ. ಮೋಸದ ಆಟವಲ್ಲ, ಆದರೆ ಮಹಾ ಕಿಲಾಡಿ ಆಟ. ಏನೂ ತಿಳಿಯದ ಪಾಪದವರ ಹಾಗೆ ಆಕಳಿಸುತ್ತ ಒಂದು ಕಾಯಿಯನ್ನು ಕಾವಲಿಲ್ಲದೆ ಬಿಡುವರು. "ತಗೋ ಮಾರಾಯ್ತಿ, ಪುಕ್ಕಟೆ" ಎನ್ನುವರು. ಅತ್ತೆ ಆಸೆಬಿದ್ದು ಹೊಡೆದರೆ ಮುಗಿಯಿತು, ಅವಳ ಆಟ ಅಲ್ಲಿಗೇ ಗೋತಾ. ಆಗ ಮಾವ ತೊಡೆ ತಟ್ಟಿಕೊಂಡು ನಗುತ್ತಿದ್ದರು, ಅತ್ತೆ ಕಾಯಿಗಳನ್ನೆಲ್ಲ ಕೆಡವಿ ಎದ್ದು ಹೋಗುತ್ತಿದ್ದಳು. ಮಾರನೆಯ ಸಂಜೆ ಮತ್ತೆ ಅದೇ ಕಥೆ.

ಒಂದು ದಿನ ಮಾವನಿಗೆ ಲಕ್ವ ಹೊಡೆಯಿತು. ಮಾತು ನಿಂತಿತು, ಮೈಯೆಲ್ಲ ಮರವಾಯಿತು. ಎಡಗೈಯ ಎರಡು ಬೆರಳು ಮಾತ್ರ ಆಡುತ್ತಿದ್ದವು. ತಿಳಿವಳಿಕೆ ಉಳಿದಿರುವುದು ಅನುಮಾನ ಎಂದರು ವೈದ್ಯರು. ಬೆರಳಿಗೆ ವ್ಯಾಯಾಮವಾಗಲಿ ಎಂದು ಅತ್ತೆ ಹಾಸಿಗೆಯ ಮೇಲೆ ಮಣೆ ಇಟ್ಟಳು. ಅವಳು ಒಂದು ಕಾಯಿ ನಡೆಸುವಳು, ಎಷ್ಟೋ ಹೊತ್ತಾದ ಮೇಲೆ ಆ ಬೆರಳುಗಳು ಒಂದನ್ನು ತಳ್ಳುವವು. "ಅದು ಕೈಗೆ ಬಂದ ಅಭ್ಯಾಸ, ತಲೆಗೆ ಸಂಬಂಧ ಇಲ್ಲ" ಎಂದರು ವೈದ್ಯರು. ಅತ್ತೆ ನಂಬಲಿಲ್ಲ. ಅವರು ಒಳಗೆ ಇದ್ದಾರೆ ಎಂದು ಮನೆಗೆ ಬಂದವರೆಲ್ಲರೊಡನೆ ವಾದಿಸಿದಳು.

ಕೊನೆಗೆ ಮಣೆಯ ಮೇಲೆ ನಾಲ್ಕೇ ಕಾಯಿ ಉಳಿದವು. ಅವಳದು ರಾಜ ಮತ್ತು ಮಂತ್ರಿ. ಅವರದು ಕಪ್ಪು ರಾಜ ಮತ್ತು ಒಂದು ಕಾಲಾಳು. ಆ ಕಾಲಾಳು ಇನ್ನೊಂದು ಹೆಜ್ಜೆ ಇಟ್ಟರೆ ಮಂತ್ರಿಯಾಗುತ್ತಿತ್ತು. ಅತ್ತೆ ಚೆಕ್ ಕೊಟ್ಟಳು. ರಾಜನಿಗೆ ಎರಡೇ ಮನೆ. ಕಾಲಾಳಿನ ಮುಂದೆ ನಿಂತು ಅದನ್ನು ಕಾಯಬೇಕು, ಇಲ್ಲವೇ ಅದನ್ನು ಬಿಟ್ಟು ಮೂಲೆಗೆ ಸರಿಯಬೇಕು. ಬೆರಳುಗಳು ರಾಜನನ್ನು ಮೂಲೆಗೆ ತಳ್ಳಿದವು.

ಇದ್ದೊಂದು ಕಾಲಾಳನ್ನು ಯಾರಾದರೂ ಹಾಗೆ ಬೀದಿಪಾಲು ಮಾಡುತ್ತಾರೆಯೇ? ಅತ್ತೆಗೆ ಎದೆ ಒಡೆಯಿತು. ವೈದ್ಯರು ಹೇಳಿದ್ದೇ ನಿಜ ಅನ್ನಿಸಿತು. ಬುದ್ಧಿ ಇಲ್ಲದವರ ಕಾಯಿ ಹೊಡೆದು ಗೆಲ್ಲುವುದು ಅವಳಿಗೆ ಬೇಡವಾಯಿತು. ಹೊಡೆಯಲಿಲ್ಲ. ಕಾಯಿಗಳನ್ನು ಡಬ್ಬಿಗೆ ತುಂಬಿ, ಕಪ್ಪು ರಾಜನನ್ನು ಮಾತ್ರ ಗುಂಡಿ ಡಬ್ಬಿಯಲ್ಲಿ ಇಟ್ಟುಕೊಂಡಳು.

ಅಂದಿನಿಂದ ಆ ಕೋಣೆಯಲ್ಲಿ ಅವಳ ಬಾಯಿಗೆ ತಡೆಯೇ ಇರಲಿಲ್ಲ. ನೋಡಲು ಬಂದ ಪಕ್ಕದ ಮನೆಯವಳ ಹತ್ತಿರ, ಅವರ ಹಾಸಿಗೆಯ ತುದಿಯಲ್ಲೇ ಕೂತು ಹೇಳಿದಳಂತೆ: "ಇನ್ನೇನಿದೆ ಇದರಲ್ಲಿ? ಕೊರಡು. ಬೇಗ ಹೋದ್ರೆ ಅದಕ್ಕೂ ಬಿಡುಗಡೆ, ನಂಗೂ ಬಿಡುಗಡೆ." ಕೆಲವೇ ದಿನಗಳಲ್ಲಿ ಮಾವ ಚಮಚಕ್ಕೆ ಬಾಯಿ ತೆರೆಯುವುದನ್ನು ಬಿಟ್ಟರು. ನುಂಗುವುದೂ ಮರೆತುಹೋಗುತ್ತದೆ, ಕಾಯಿಲೆಯೇ ಹಾಗೆ ಎಂದರು ವೈದ್ಯರು. ಮಾವ ಹೋದರು.

ಇದನ್ನೆಲ್ಲ ಅತ್ತೆಯೇ ನನಗೆ ಎಷ್ಟೋ ಸಲ ಹೇಳಿದ್ದಾಳೆ. ತಾನು ಪಟ್ಟ ಪಾಡಿನ ಕಥೆಯಾಗಿ, ಗುಂಡಿ ಹಾಕುತ್ತ ಹಾಕುತ್ತ ಹೇಳುತ್ತಿದ್ದಳು. ಕೇಳದವರ ಮುಂದೆ ಆಡಿದ ಮಾತು ಯಾರಿಗೂ ತಟ್ಟುವುದಿಲ್ಲ ಎಂಬ ಧೈರ್ಯ ಅವಳಿಗಿತ್ತು. ನನಗೂ ಇತ್ತು.

ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ, ನನ್ನ ಅಂಗಿಗೆ ಕಾಜಾ ಆಗಲೆಂದು ಕಾಯುತ್ತ ಫೋನಿನಲ್ಲಿ ಚೆಸ್ ಆಡುತ್ತಿದ್ದೆ. ನನಗೆ ಆ ಆಟದ ಹುಚ್ಚು ಮಾವನಿಂದಲೇ ಅಂಟಿದ್ದು, ಅವರ ಬುದ್ಧಿ ಮಾತ್ರ ಅಂಟಲಿಲ್ಲ. ಎಂದಿನಂತೆ ಸೋಲುತ್ತ ಫೋನನ್ನು ಬೈದೆ.

"ಯಾಕೋ ಅದರ ಮೇಲೆ ಹಾರಾಡ್ತೀಯ?"

"ಇನ್ನೆಷ್ಟು ನಡೇಲಿ ನನ್ನನ್ನ ಮೇಟ್ ಮಾಡ್ತೀನಿ ಅಂತ ಈಗ್ಲೇ ಲೆಕ್ಕ ಹಾಕಿ ಕೂತಿದೆ ಅತ್ತೆ."

"ನೀನು ಎಲ್ಲಿಗೆ ನಡೀತೀಯ ಅಂತ ಅದಕ್ಕೇನು ಕನಸು ಬಿದ್ದಿತ್ತಾ?"

ಸೋತು ಸೋತು ನಾನು ಅದರ ಗುಟ್ಟನ್ನು ಓದಿ ತಿಳಿದುಕೊಂಡಿದ್ದೆ. ನಾನು ಎಲ್ಲಿಗೆ ನಡೆದರೂ ಅದಕ್ಕೊಂದು ಉತ್ತರ ಇಟ್ಟುಕೊಂಡಿರುತ್ತದೆ ಎಂದೆ. ಎದುರಾಳಿ ದಡ್ಡ ಎಂದು ಅದು ಯಾವತ್ತೂ ನಂಬುವುದಿಲ್ಲ. ತಪ್ಪಿಸಿಕೊಳ್ಳಲು ಒಂದೇ ಒಂದು ಸಂದಿ ಕಂಡರೂ ಆ ದಾರಿಯನ್ನು ಬಿಟ್ಟು ಬೇರೆಯದನ್ನು ಹುಡುಕುತ್ತದೆ. ಎಲ್ಲ ಸಂದಿಗಳೂ ಮುಚ್ಚಿದವು ಎಂದಾದ ಮೇಲಷ್ಟೇ ಮೇಟ್ ಎಂದು ಹೇಳುತ್ತದೆ.

"ಕಾಯಿ ಕಡಿಮೆ ಇದ್ರೆ ಹುಡುಕೋ ಕೆಲಸಾನೂ ಇಲ್ಲ. ರಾಜ ಸಿಕ್ಕಿಬಿದ್ದ ಆಟಗಳನ್ನೆಲ್ಲ ಮೊದಲು ಇಟ್ಕೊಂಡು, ಅಲ್ಲಿಂದ ಒಂದೊಂದೇ ನಡೆ ಹಿಂದಕ್ಕೆ ಹೋಗಿ ಎಲ್ಲಾನೂ ಮೊದ್ಲೇ ಲೆಕ್ಕ ಮಾಡಿಟ್ಟಿದ್ದಾರೆ."

"ಹೊಲಿಗೆ ಬಿಚ್ಚೋ ಹಾಗೆ. ಕೊನೇ ಗಂಟಿಂದ."

"ಹೂಂ, ಹಾಗೇ."

"ಸುಳ್ಳು ಹೇಳಲ್ವಾ ಅದು?"

"ನಾಲ್ಕೈದು ಕಾಯಿ ಇದ್ರೆ ಹೇಳೋದೇ ಇಲ್ಲ."

ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಗುಂಡಿ ಡಬ್ಬಿಯಲ್ಲಿ ಕೈಯಾಡಿಸಿ ಕಪ್ಪು ರಾಜನನ್ನು ತೆಗೆದಳು. ಒಳಗಿನಿಂದ ಮಣೆಯನ್ನೂ ಉಳಿದ ಮೂರು ಕಾಯಿಗಳನ್ನೂ ತಂದು ನೆಲದ ಮೇಲೆ ಜೋಡಿಸಿದಳು. ಒಂದನ್ನಿಡಲೂ ಅವಳು ಯೋಚಿಸಬೇಕಾಗಲಿಲ್ಲ.

"ಇದನ್ನ ಅದಕ್ಕೆ ಕೇಳು."

ಫೋನಿನಲ್ಲಿ ಹಾಗೆಯೇ ಇಟ್ಟೆ. ರಾಜ ಕಾಲಾಳಿನ ಮುಂದೆ ನಿಂತು ಅದನ್ನು ಕಾದರೆ ಖಂಡಿತ ಮೇಟ್, ತಪ್ಪಿಸಿಕೊಳ್ಳುವಂತಿಲ್ಲ. ಮೂಲೆಗೆ ಹೋದರೆ ಡ್ರಾ. ನಾನು ಬಾಯಿ ಬಿಡುವ ಮೊದಲೇ ಅತ್ತೆ ಕಪ್ಪು ರಾಜನನ್ನು ಮೂಲೆಗೆ ಸರಿಸಿ, ತನ್ನ ಮಂತ್ರಿಯಿಂದ ಆ ಕಾಲಾಳನ್ನು ಹೊಡೆದಳು. ಅಂದು ಹೊಡೆಯದೆ ಬಿಟ್ಟಿದ್ದನ್ನು ಈಗ ಹೊಡೆದಳು. ಆಮೇಲೆ ಕಪ್ಪು ರಾಜನ ಸುತ್ತಲಿನ ಮನೆಗಳನ್ನು ಬೆರಳಿಟ್ಟು ನೋಡಿದಳು. ಎಲ್ಲ ಮನೆಗಳ ಮೇಲೂ ಅವಳ ಮಂತ್ರಿಯ ಕಣ್ಣಿತ್ತು. ಆದರೆ ರಾಜನಿಗೆ ಚೆಕ್ ಇರಲಿಲ್ಲ; ಚೆಕ್ ಇಲ್ಲದೆ ನಡೆಯಲು ಮನೆಯೇ ಇಲ್ಲದಿದ್ದರೆ ಆಟ ಡ್ರಾ. ಅಲುಗಾಡಲು ಜಾಗವಿಲ್ಲದೆ, ಸೋಲದೆ, ಅವನು ಮೂಲೆಯಲ್ಲಿ ನಿಂತಿದ್ದ.

"ತಗೋ ಮಾರಾಯ್ತಿ, ಪುಕ್ಕಟೆ" ಎಂದಳು ಅತ್ತೆ. ಅವಳ ದನಿಯಲ್ಲಿ ಹೇಳಿದರೂ ಅದು ಮಾವನ ಮಾತೇ.

"ಎರಡೇ ಮನೆ ಇದ್ದದ್ದು ಅತ್ತೆ. ಬೆರಳು ಸುಮ್ಮನೆ ಸರಿದಿರ್ಬಹುದು. ನಾಣ್ಯ ಚಿಮ್ಮಿದ ಹಾಗೆ, ಚಿತ್ತೋ ಪಟ್ಟೋ" ಎಂದೆ. ಹಾಗೆಯೇ ಆಗಿರಲಿ ಎಂದು ನಾನು ನಿಜವಾಗಿಯೂ ಬೇಡಿಕೊಂಡೆ.

"ಅದರ ಹಿಂದಿನದು ಇಡ್ತೀನಿ, ಕೇಳು."

ಅವಳು ಒಂದು ನಡೆ ಹಿಂದಕ್ಕೆ ಬಿಚ್ಚಿದಳು. ಅಲ್ಲಿ ಕಾಲಾಳನ್ನು ಮುಂದೆ ತಳ್ಳಿ ಮಂತ್ರಿ ಮಾಡಿಕೊಳ್ಳಬಹುದಿತ್ತು. ಮಾವ ಮಾಡಿರಲಿಲ್ಲ. ಅದನ್ನೂ ಮರೆವು ಎಂದೇ ಅವಳು ಅಂದುಕೊಂಡಿದ್ದಳು. ಹಾಗೆ ತಳ್ಳಿದ್ದರೆ ಅವಳು ಆ ಹೊಸ ಮಂತ್ರಿಯನ್ನು ಅಲ್ಲೇ ಹೊಡೆದು ಗೆಲ್ಲುತ್ತಿದ್ದಳು, ಅವರು ರಾಜನನ್ನು ನಡೆಸಿದ್ದರಿಂದ ಡ್ರಾ ಎಂದಿತು ಫೋನು. ಇನ್ನೊಂದು ನಡೆ ಹಿಂದೆ. ಅಲ್ಲೂ ಸೋಲುವ ಮನೆ ಒಂದಿತ್ತು, ಅಲ್ಲೂ ಅವರು ಅದನ್ನು ಬಿಟ್ಟು ನಡೆದಿದ್ದರು.

"ಸಾಕು" ಎಂದಳು.

ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು. ಅತ್ತೆ ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

"ಅವರು ನಂಜೊತೆ ತಮಾಷೆ ಮಾಡ್ತಿದ್ರು ಕಣೋ. ನಾನು ಆ ಕಾಯಿ ಹೊಡೆದಿದ್ರೆ, ಒಳಗೆ ಇದ್ದಾರೆ ಅಂತ ಅವತ್ತೇ ಗೊತ್ತಾಗ್ತಿತ್ತು. ಅಯ್ಯೋ ಪಾಪ ಅಂತ ಬಿಟ್ಟೆ. ನನ್ನ ಪಾಪಕ್ಕಿಷ್ಟು ಬೆಂಕಿ ಹಾಕ."

"ಮಾವ ಚಮಚಕ್ಕೆ ಬಾಯಿ ಬಿಡದ್ದು ಕಾಯಿಲೆಯಿಂದ ಅತ್ತೆ. ಡಾಕ್ಟರೇ ಹೇಳಿದ್ರಲ್ಲ."

"ಡಾಕ್ಟರು ಇದನ್ನೂ ಕೈ ಅಭ್ಯಾಸ ಅಂದಿದ್ರು." ಅವಳು ಕಪ್ಪು ರಾಜನನ್ನು ಮಣೆಯಿಂದ ಎತ್ತಿ ಮುಷ್ಟಿಯಲ್ಲಿ ಹಿಡಿದಳು. "ನಾನು ಅಲ್ಲೇ ಕೂತು ಬಿಡುಗಡೆ ಬೇಕು ಅಂದೆ. ಅವರಿಗೆ ಬೇರೆ ಯಾವ ನಡೆ ಉಳಿದಿತ್ತು ಹೇಳು. ನಿನ್ನ ಫೋನನ್ನೇ ಕೇಳು."

ಅದನ್ನು ಫೋನಿಗೆ ಕೇಳುವ ದಾರಿ ನನಗೆ ಗೊತ್ತಿರಲಿಲ್ಲ. ಫೋನು ಆರಿಸಿ ಜೇಬಿಗೆ ಹಾಕಿಕೊಂಡೆ. ಅತ್ತೆ ಅಂಗಿಯನ್ನು ಮತ್ತೆ ತೊಡೆಗೆ ಎಳೆದುಕೊಂಡಳು, ಆದರೆ ಸೂಜಿ ತೆಗೆಯಲಿಲ್ಲ. ಒಳಕೋಣೆಯ ಕಡೆ ತಿರುಗಿ, ಮಲಗಿದವರನ್ನು ಎಬ್ಬಿಸಲು ಹೆದರುವವಳ ಹಾಗೆ ಮೆಲ್ಲಗೆ ಕೇಳಿದಳು.

"ರೀ, ಅವತ್ತು ನಾನು ಅಂದಿದ್ದು ಕೇಳಿಸ್ತಾ ನಿಮಗೆ?"

ಹಿಂದೆ ಆ ಎರಡು ಬೆರಳು ಅಲುಗಲೆಂದು ಎಷ್ಟೋ ಹೊತ್ತು ಕಾಯುತ್ತಿದ್ದಳಲ್ಲ, ಹಾಗೆಯೇ ಬಾಗಿಲನ್ನು ನೋಡುತ್ತ ಕಾದಳು. ನಾನೂ ಕಾದೆ.