ಹೀರೆ ಚಪ್ಪರದ ಕಡ್ಡಿಗಳು

ಕಲ್ಲು ನನ್ನ ಕೈಗೆ ಬಂದಾಗ ನಾನು ಬಾಯಿ ಬಿಡಲಿಲ್ಲ. ಪಕ್ಕದಲ್ಲಿ ಕೂತಿದ್ದ ತಮ್ಮನಿಗೆ ದಾಟಿಸಿಬಿಟ್ಟೆ.

ಹುಣಸೂರಿನ ಹತ್ತಿರದ ನಮ್ಮೂರ ಶಾಲೆಯಲ್ಲಿ ಅವನು ಏಳನೇ ತರಗತಿ. ನಾನು ಐದಕ್ಕೇ ಬಿಟ್ಟವಳು. ಬಿಸಿಯೂಟಕ್ಕೆಂದು ಅವನ ತರಗತಿಯವರು ಶಾಲೆಯ ಹಿಂದೆ ಹೀರೆಬಳ್ಳಿ ಹಬ್ಬಿಸಿದ್ದರು. ಚಪ್ಪರದ ಕಡ್ಡಿಗಳ ತುದಿಗೆ ನೀಲಿ ಬಣ್ಣ ಬಳಿದಿದ್ದರು.

ಅವತ್ತು ಭಾನುವಾರ. ಹೊಗೆಸೊಪ್ಪನ್ನು ಬೆಂಕಿಯ ಕಾವಿಗೆ ಬೇಯಿಸಿ ಒಣಗಿಸುವ ಬ್ಯಾರನ್ ಮನೆಗೆ ಸೊಪ್ಪು ತುಂಬುತ್ತಿದ್ದೆವು. ಸೊಪ್ಪು ಕಟ್ಟಿ ತೂಗುಹಾಕುವ ಕಡ್ಡಿ ಸಾಲಲಿಲ್ಲ. ಕಿತ್ತ ಸೊಪ್ಪು ಬಾಡುತ್ತಿತ್ತು. ಯಾರೂ ಇಲ್ಲದ ಶಾಲೆಗೆ ಹೋಗಿ ಚಪ್ಪರದ ಕಡ್ಡಿ ಕಿತ್ತು ತಂದೆ. ಬಳ್ಳಿ ನೆಲಕ್ಕೆ ಬೀಳುತ್ತದೆಂದು ಗೊತ್ತಿತ್ತು. ಹೀರೆಕಾಯಿ ತಾನೇ ಅಂದುಕೊಂಡೆ.

ಮಿಕ್ಕ ನೀಲಿ ತುದಿಯ ಕಡ್ಡಿ ನಮ್ಮ ಅಂಗಳದಲ್ಲಿ ಬಿದ್ದಿದ್ದನ್ನು ತಮ್ಮನ ತರಗತಿಯ ಹುಡುಗರು ನೋಡಿದರು.

“ಏನ್ಲಾ ಹೀರೇಕಾಯ್ ಕಳ್ಳ, ಸೊಪ್ಪು ಬೆಂತಾ?”

ಶಾಲೆಯಲ್ಲಿ ಊಟಕ್ಕೆ ತಮ್ಮನ ಪಕ್ಕ ಯಾರೂ ಕೂರಲಿಲ್ಲ. ನನ್ನ ಹೆಸರನ್ನು ಅವನು ಹೇಳಲಿಲ್ಲ. “ಇನ್ಮೇಲೆ ಇಸ್ಕೂಲ್ಗೆ ಓಗಲ್ಲ ಕಣಕ್ಕ” ಎಂದಷ್ಟೇ ಅಂದ.

ಅವರ ಮೇಡಂ ಹೊಡೆಯುವವರಲ್ಲ. ತರಗತಿಯಲ್ಲಿ ಏನಾದರೂ ಕೆಟ್ಟರೆ ಎಲ್ಲರನ್ನೂ ನೆಲದ ಚಾಪೆಯ ಮೇಲೆ ಸುತ್ತ ಕೂರಿಸಿ, ತಾವೂ ಕೂತು, ಹೊಳೆಯ ನುಣುಪು ಕಲ್ಲೊಂದನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಕಲ್ಲು ಹಿಡಿದವರು ಮಾತ್ರ ಮಾತಾಡಬೇಕು. ಈ ಸಲ ನಮ್ಮ ಮನೆಯವರೊಬ್ಬರು ಬರಲಿ ಎಂದು ಹೇಳಿಕಳಿಸಿದ್ದರು. ಅವ್ವ ಬ್ಯಾರನ್ನಿನ ಬೆಂಕಿ ಬಿಟ್ಟು ಬರುವಂತಿರಲಿಲ್ಲ. ನಾನು ತಮ್ಮನನ್ನು ಎಳೆದುಕೊಂಡು ಹೋದೆ.

“ದಿನಾ ನೀರು ಒತ್ತಾಕಿದ್ದು ನಾನು. ಬಳ್ಳಿ ನೋಡಿ ಅತ್ತುಬುಟ್ಟೆ” ಎಂದಳು ಒಬ್ಬ ಹುಡುಗಿ. ಆಮೇಲೆ ಕಲ್ಲು ನನಗೆ ಬಂತು. ಅಷ್ಟು ಮಕ್ಕಳ ಕಣ್ಣು, ಮೇಡಂ ಕಣ್ಣು. ದಾಟಿಸಿದೆ.

ತಮ್ಮ ನನ್ನ ಕಡೆ ನೋಡಲಿಲ್ಲ. “ನಾನೇ ಕಿತ್ಕೊಂಡೋದೆ” ಎಂದ.

“ಈಗ ಏನು ಮಾಡಿದರೆ ಸರಿಹೋಗುತ್ತೆ? ಇನ್ನೊಂದು ಸುತ್ತು ಹೇಳಿ” ಎಂದರು ಮೇಡಂ.

“ತೋಟದ್ ಕೆಲ್ಸಕ್ಕೆ ಇವ್ನು ಬ್ಯಾಡ ಮಿಸ್.”

“ನಮ್ ಗುಂಪಲ್ಲೂ ಬ್ಯಾಡ.”

ತಮ್ಮ ಚಾಪೆಯ ಎಳೆ ಕೀಳುತ್ತ ತಲೆ ತಗ್ಗಿಸಿದ್ದ. ನಾಳೆಯಿಂದ ಇವನು ಈ ಬಾಗಿಲು ತುಳಿಯುವುದಿಲ್ಲ, ನನ್ನ ಜೊತೆ ಸೊಪ್ಪು ಕಟ್ಟಲು ಕೂರುತ್ತಾನೆ ಎಂದು ನನಗೆ ಖಚಿತವಾಯಿತು. ಕಲ್ಲು ಸುತ್ತಿ ಮತ್ತೆ ನನ್ನ ಕೈಗೆ ಬಂತು. ಎಲ್ಲರ ಕೈ ತಾಗಿ ಬೆಚ್ಚಗಾಗಿತ್ತು. ಗಟ್ಟಿಯಾಗಿ ಹಿಡಿದುಕೊಂಡೆ.

“ಅವ್ನಲ್ಲ ಕಣ್ರಪ್ಪಾ, ಕಡ್ಡಿ ಕಿತ್ತೋಳು ನಾನು. ನೀವ್ ಬೆಳ್ಸಿದ್ನ ಆಳ್ಮಾಡ್ದೆ, ತಪ್ಪಾಯ್ತು. ನಿಂಗೂ ತಪ್ಪು ಮಾಡ್ದೆ ಕಣೋ ತಮ್ಮ. ಆಗ್ಲೇ ನಿಜ ಏಳ್ಬೇಕಿತ್ತು, ಏಳ್ನಿಲ್ಲ.”